ಎರೆಭೂಮಿಗೆ ನೀರು ಬಂದ ಮೇಲೆ

ಒಕ್ಕಲುತನವನ್ನು ಕಾಯಕವೆಂದು ಬಗೆದ ನಾಡಿನಲ್ಲಿ ಮಣ್ಣನ್ನು ಮುಂದಿನವರಿಗೆ ಒಪ್ಪಿಸಬೇಕಾದ ನಿಧಿಯೆಂದೇ ತಿಳಿಯುತ್ತಾರೆ. ಭೂಮಿಯ ಬಳಕೆ ಬದಲಾದಂತೆ ಈ ನಿಧಿಯ ಗುಣವೂ ಬದಲಾಗುತ್ತದೆ. ಉಷ್ಣವಲಯದಲ್ಲಿ ಆ ಬದಲಾವಣೆ ಎಷ್ಟು ಶೀಘ್ರವಾಗಿ ನಡೆಯಬಲ್ಲುದು, ಅದನ್ನು ಸರಿಪಡಿಸುವುದು ಎಷ್ಟು ಶ್ರಮದ ಕೆಲಸ ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶವು ಕಣ್ಣೆದುರಿನ ನಿದರ್ಶನವಾಗಿದೆ.

ಕೊಪ್ಪಳ, ರಾಯಚೂರು ಜಿಲ್ಲೆಗಳ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಕಾಲುವೆ ಬರುವ ಮುನ್ನ ಇಲ್ಲಿಯ ಎರೆಹೊಲಗಳಲ್ಲಿ ಬಿಳಿಜೋಳ, ಹತ್ತಿ, ಕಡಲೆ, ಕುಸುಬೆಗಳೇ ಮುಖ್ಯ ಬೆಳೆಗಳಾಗಿದ್ದವು. ಎರೆಮಣ್ಣಿನ ಜೇಡಿಯು ನೀರುಂಡಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದು ಹಿಡಿದಿಟ್ಟ ತೇವದಿಂದಲೇ ಹಿಂಗಾರಿ ಪೈರು ಕೈಗೆ ಬರುತ್ತದೆ. ಶಿಲೆಗಳು ಶಿಥಿಲಗೊಂಡು ಮಣ್ಣಾಗುವಾಗ ಬಿಡುಗಡೆಯಾದ ಲವಣಗಳು ಮಲೆನಾಡಿನಲ್ಲಿ ಧಾರಾಳ ಮಳೆಗೆ ತೊಳೆದುಹೋಗುತ್ತವೆ. ಇಲ್ಲಿಯ ಅಲ್ಪ ಮಳೆಗೆ ಅವು ಮಣ್ಣಿನ ಕೆಳಪದರಗಳಲ್ಲಿಯೇ ಉಳಿದಿದ್ದವು. ಅಂತರ್ಜಲವು ಆಳದಲ್ಲಿದ್ದುದರಿಂದ ಬೆಳೆಗೆ ಅವುಗಳ ಬಾಧೆ ತಟ್ಟುತ್ತಿರಲಿಲ್ಲ.

ಹೊಸಪೇಟೆಯ ಬಳಿ 1945ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಬಂದಿತು. ಬರದಿಂದ ಬೆಂದ ಸೀಮೆಗೆ ಅದು ಮಹದುಪಕಾರವಾಯಿತು. ಹೆಚ್ಚು ಭೂಮಿಗೆ ಮಿತವಾದ ನೀರನ್ನು ಹಂಚುವುದು ಯೋಜನೆಯ ಉದ್ದೇಶವಾಗಿದ್ದುದರಿಂದ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾಗಳಿಗೆ ಗೊತ್ತುಪಡಿಸಲಾಗಿದ್ದಿತು. ಆದರೆ ಬತ್ತ ಹೆಚ್ಚು ಆದಾಯ ತರುವ ಬೆಳೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಒಕ್ಕಲಿಗರು ಬತ್ತದ ಬೇಸಾಯದಲ್ಲಿ ನುರಿತವರು. ಸ್ಥಳೀಯರೂ ಅದೇ ಹಾದಿ ಹಿಡಿದರು. ಗಂಗಾವತಿ ಸೀಮೆ ಬತ್ತದ ಕಣಜವೆನಿಸಿತು. ಬತ್ತದ ಒಂದು ಬೆಳೆಗೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ನೀರು ಬೇಕು; ಜೋಳಕ್ಕೆ ಅದರ ಅರ್ಧದಷ್ಟು ಸಾಕು. ನೀರು ತರುವ ಕಾಲುವೆಗೆ ಸಂದ ಗಮನವು ಹೆಚ್ಚಿನ ನೀರನ್ನು ಹೊರಗೊಯ್ಯುವ ಬಸಿಗಾಲುವೆಗೆ ಸಲ್ಲಲಿಲ್ಲ.

ಇದರ ಪರಿಣಾಮ ಮೊದಲು ಕಣ್ಣಿಗೆ ಕಾಣಲಿಲ್ಲ. ಗದ್ದೆಗಳಿಂದಲೂ ಕಾಲುವೆಗಳಿಂದಲೂ ಇಂಗಿದ ನೀರು ವರ್ಷ ವರ್ಷಕ್ಕೆ ಅಂತರ್ಜಲವನ್ನು ಮೇಲಕ್ಕೆತ್ತಿತು. ಅದು ನೆಲದಿಂದ ಒಂದೆರಡು ಮೀಟರಿನಷ್ಟು ಸಮೀಪಿಸಿದಾಗ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ; ಅದು ಹೊತ್ತು ತಂದ ಲವಣ ಮೇಲೆಯೇ ಉಳಿದು ಬಿಳಿಯ ಪದರಾಗುತ್ತದೆ. ಸವಳು-ಜವಳು ಎಂದು ರೈತರು ಕರೆಯುವುದು ಇದನ್ನೇ. ಸೋಡಿಯಂ ಮೇಲುಗೈ ಪಡೆದಲ್ಲಿ ಕೆಡುಕು ಇನ್ನೂ ಹೆಚ್ಚು. ಜೇಡಿಯ ಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಮಣ್ಣು ಹಸಿಯಿದ್ದಾಗ ರಾಡಿ, ಒಣಗಿದಾಗ ಕಲ್ಲು. ಅಲ್ಲಿ ನೀರೂ ಇಳಿಯದು, ಬೇರೂ ಇಳಿಯದು. ಹೀಗೆ ಹತ್ತಾರು ಸಾವಿರ ಎಕರೆ ಫಲವತ್ತಾದ ಭೂಮಿ ಕೆಟ್ಟಿದೆ.

ಇಲ್ಲಿ ಇನ್ನೊಂದು ತೊಡಕುಂಟು. ಸವಳಾದ ಹೊಲದಲ್ಲಿ ಜೋಳವಾಗಲಿ ಕಡಲೆಯಾಗಲಿ ಚೆನ್ನಾಗಿ ಬೆಳೆಯದು. ನೀರು ನಿಲ್ಲಿಸಿ ಲವಣವನ್ನು ಕೆಳಗೊತ್ತಿ ಬತ್ತವನ್ನೇ ಬೆಳೆಯಬೇಕಾಗುತ್ತದೆ. ಅದರಿಂದ ಅಂತರ್ಜಲ ಮತ್ತಷ್ಟು ಏರುತ್ತದೆ. ರೋಗಕ್ಕೆ ಕಾರಣವಾದ ಬೆಳೆಯೇ ರೋಗಿಯ ಏಕೈಕ ಆಹಾರವಾದಂತಾಯಿತು. ಮೇಲಿನ ಹೊಲದಲ್ಲಿ ಹೆಚ್ಚಾದ ನೀರು ತಗ್ಗಿನ ಹೊಲದವನ ಭೂಮಿಯನ್ನು ಕೆಡಿಸಿದರೆ, ಕಾಲುವೆಯ ಕೊನೆಯ ಭಾಗದವನು ಕುಡಿ ಒಣಗುತ್ತಿರುವ ಪೈರನ್ನು ನೋಡುತ್ತ ನೀರಿಗಾಗಿ ಕಾಯುತ್ತಾನೆ.

ಪರಿಹಾರವಿಲ್ಲವೆಂದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಇಂಥ ಭೂಮಿಯ ಸುಧಾರಣೆಯನ್ನೇ ಕುರಿತು ಅಧ್ಯಯನ ನಡೆಸುತ್ತ ಬಂದಿದೆ. ಸುಮಾರು ಒಂದು ಮೀಟರು ಆಳದಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ಬಸಿನೀರನ್ನು ಹೊರಗೊಯ್ಯುವುದು, ಒಳ್ಳೆಯ ನೀರಿನಿಂದ ಲವಣವನ್ನು ತೊಳೆಯುವುದು, ಸೋಡಿಯಂ ಹೆಚ್ಚಿದಲ್ಲಿ ಜಿಪ್ಸಂ ಹಾಕುವುದು, ಡಯಂಚದಂಥ ಹಸಿರೆಲೆ ಗೊಬ್ಬರವನ್ನು ಬೆಳೆದು ಉಳುವುದು—ಇವು ಮುಖ್ಯ ಕ್ರಮಗಳು. ಜಿಪ್ಸಂನ ಸುಣ್ಣಾಂಶವು ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ. ಬಿಡುಗಡೆಯಾದ ಸೋಡಿಯಂ ಹರಿದುಹೋಗಲು ದಾರಿಯಿಲ್ಲದಿದ್ದರೆ ಆ ಖರ್ಚು ವ್ಯರ್ಥ. ಆದುದರಿಂದ ಬಸಿಗಾಲುವೆಯೇ ಮೊದಲ ಚಿಕಿತ್ಸೆ.

ಹಂಪಿಯ ಸುತ್ತ ವಿಜಯನಗರ ಕಾಲದ ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಹರಿಯುತ್ತಿವೆ. ನದಿಯಂಚಿನ ಕಿರಿದಾದ ಪಟ್ಟಿಗೆ ನೀರುಣಿಸುವ ಅಲ್ಲಿ, ಮಿಕ್ಕ ನೀರು ನದಿಗೇ ಮರಳುವ ಇಳಿಜಾರಿದೆ. ನೀರು ಬರುವ ದಾರಿಯಷ್ಟೇ ಹೋಗುವ ದಾರಿಯೂ ಮುಖ್ಯವೆಂಬ ಪಾಠ ಅದರಲ್ಲಿದೆ.

ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಹತ್ತು ಹೊಲಗಳನ್ನು ದಾಟಿ ಅದು ಹಳ್ಳವನ್ನು ಸೇರಬೇಕು. ಮೇಲಿನವನು ಅಗತ್ಯವರಿತು ನೀರು ಪಡೆದು, ಕೆಳಗಿನವನು ತನ್ನ ಅಂಚಿನಲ್ಲಿ ಬಸಿನೀರಿಗೆ ಜಾಗ ಬಿಟ್ಟರೆ ಮಾತ್ರ ಅದು ಸಾಧ್ಯ. ತನಗೆ ಬೇಕಾದಷ್ಟನ್ನು ಮಾತ್ರ ಪಡೆದು ಉಳಿದುದನ್ನು ಸಮಾಜಕ್ಕೆ ಸಲ್ಲಿಸುವ ದಾಸೋಹದ ನೀತಿ ನೀರಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಕಾಣುವ ಬಿಳಿಯ ಪದರವನ್ನು ಗುರುತಿಸಿ, ಮಣ್ಣಿನ ಪರೀಕ್ಷೆ ಮಾಡಿಸಲು ಮನೆಯವರಿಗೆ ತಿಳಿಹೇಳಬಲ್ಲ ವಿದ್ಯಾರ್ಥಿಗಳನ್ನು ತಯಾರು ಮಾಡುವುದು ಗ್ರಾಮೀಣ ಶಾಲೆಗಳಿಗೆ ತಕ್ಕ ಕಾಯಕವಾಗಿದೆ.