ಇ.ಸಿ.ಜಿ. ಸರಿಯಿತ್ತು, ತಮ್ಮ ಸರಿಯಿರಲಿಲ್ಲ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಮನೆಗಳಲ್ಲಿ ಟಿ.ವಿ. ಹಾಕಲು ಕೈ ಹಿಂಜರಿಯುತ್ತಿತ್ತು. ದಿನ ಬೆಳಗಾದರೆ ಹೃದಯಾಘಾತದ ಸುದ್ದಿ, ಹೊಸದೊಂದು ಫೋಟೊ, ಕೆಳಗಿನ ಪಟ್ಟಿಯಲ್ಲಿ ಏರುತ್ತಲೇ ಹೋಗುವ ಸಂಖ್ಯೆ. ಇಪ್ಪತ್ತರ ಆಸುಪಾಸಿನವರೂ ಅದರಲ್ಲಿದ್ದರು. ಬೇಲೂರಿನ ಹೆಸರು ಆ ಪಟ್ಟಿಗೆ ಸೇರಿದ ರಾತ್ರಿ ಅರೇಹಳ್ಳಿಯ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನನ್ನ ತಮ್ಮನಿಗೆ ಆಗ 26 ವರ್ಷ. ಅವನ ಎದೆ ಹಾರತೊಡಗಿದ್ದು ಆ ದಿನಗಳಲ್ಲೇ.

ಅವನು ಪಿಕಪ್ ಓಡಿಸುತ್ತಾನೆ. ಕಾಫಿ ಮೂಟೆ, ಮೆಣಸು, ಗೊಬ್ಬರ, ಸಿಕ್ಕ ಬಾಡಿಗೆ. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಚಾಲಕರು ಹಲವರಿದ್ದಾರೆ ಎಂದು ಯಾರೋ ಓದಿ ಹೇಳಿದ್ದನ್ನು ಅವನು ತನ್ನ ಮೇಲೆ ಬರೆದ ತೀರ್ಪೆಂದೇ ತಿಳಿದ. ನಮ್ಮ ಅಪ್ಪ ಹೋದದ್ದೂ ಹೃದಯದ ಕಾಯಿಲೆಯಿಂದಲೇ. ಆದ್ದರಿಂದ ಅವನ ಹೆದರಿಕೆ ಬುಡವಿಲ್ಲದ್ದು ಎಂದು ಇಂದಿಗೂ ನಾನು ಹೇಳಲಾರೆ.

ಮೊದಮೊದಲು ಒಂದೊಂದು ಬಡಿತ ಜಾರಿದಂತೆ ಆಗುತ್ತಿತ್ತಂತೆ. ಗಂಟಲ ಹತ್ತಿರ ಏನೋ ಮಗುಚಿದಂತೆ, ಆಮೇಲೆ ‘ಧಡ್’ ಎಂದು ಒಂದು ಜೋರು ಪೆಟ್ಟು. ಆರೋಗ್ಯವಂತರಲ್ಲೂ ಇದು ಬಲು ಸಾಮಾನ್ಯ: ಒಂದು ಬಡಿತ ಹೊತ್ತಿಗೆ ಮೊದಲೇ ಬಂದುಬಿಡುತ್ತದೆ, ನಂತರ ತುಸು ಬಿಡುವು, ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಂಡ ಹೃದಯ ಮುಂದಿನ ಸಲ ಬಲವಾಗಿ ಹಿಂಡುತ್ತದೆ. ನಮಗೆ ತಿಳಿಯುವುದು ಆ ಹಿಂಡುವಿಕೆ. ಇಷ್ಟನ್ನು ಅವನಿಗೆ ಕೂತು ಬಿಡಿಸಿ ಹೇಳಿದವರು ಆಗ ಒಬ್ಬರೂ ಇರಲಿಲ್ಲ. ಅಮ್ಮ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿಸಿ ದೃಷ್ಟಿ ತೆಗೆದರು. ದೊಡ್ಡಪ್ಪ ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿಗೆ ಸಾವಿನ ವಿಡಿಯೊಗಳನ್ನು ಒಂದರ ಹಿಂದೊಂದು ಹಾಕುತ್ತಲೇ ಹೋದರು. “ಎಚ್ಚರ ಇರ್ಲಿ ಅಂತ ಕಣಮ್ಮ” ಎನ್ನುತ್ತಿದ್ದರು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಹೀಗಿರುವಾಗ ಒಂದು ರಾತ್ರಿ ಜೋರು ಮಳೆ. ಕರೆಂಟು ಸಂಜೆಯೇ ಹೋಗಿತ್ತು. ಒಂದು ಗಂಟೆಯ ಹೊತ್ತಿಗೆ ಅವನು ನನ್ನ ಕೋಣೆಯ ಬಾಗಿಲು ಬಡಿದು, “ಅಕ್ಕಾ, ಎದೆ ನಿಲ್ತಾ ಇಲ್ಲ” ಎಂದ. ಟಾರ್ಚ್ ಬೆಳಕಿನಲ್ಲಿ ಅಂಗಿ ನೀರಿಗೆ ಅದ್ದಿ ತೆಗೆದಂತೆ ಬೆವತಿತ್ತು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಅವನ ಬೆರಳಲ್ಲೇ ಇತ್ತು. ಅದರಲ್ಲಿ 138 ಮಿನುಗುತ್ತಿತ್ತು. ನೋಡಿದಷ್ಟೂ ಅದು ಏರಿತು. ಬಾಯಿ ತೆರೆದು ಬೇಗ ಬೇಗ ಉಸಿರು ಎಳೆದುಕೊಳ್ಳುತ್ತಿದ್ದ. ತುಟಿ ಜೋಮು ಹಿಡಿಯಿತು, ಆಮೇಲೆ ಕೈಬೆರಳು ತಾವಾಗಿ ಒಳಕ್ಕೆ ಮಡಚಿಕೊಂಡವು. ಅದನ್ನು ಕಂಡು ಅಮ್ಮ ಕೂಗಿಕೊಂಡರು. ಎಡಗೈ ಸೆಳೆಯುತ್ತಿದೆ ಎಂದ. ಪಿಕಪ್‌ನ ದಾಖಲೆಗಳು ಎಲ್ಲಿವೆ, ಸೊಸೈಟಿಯಲ್ಲಿ ಯಾವ ಕಂತು ಬಾಕಿಯಿದೆ ಎಂದು ನನಗೆ ಹೇಳಲು ಶುರು ಮಾಡಿದ. ಇಪ್ಪತ್ತಾರರ ಹುಡುಗ ಅಷ್ಟು ಸ್ಪಷ್ಟವಾಗಿ ತನ್ನ ಲೆಕ್ಕ ಒಪ್ಪಿಸುವುದನ್ನು ಯಾವ ಅಕ್ಕನೂ ಕೇಳಬಾರದು.

ನಮ್ಮ ಕಡೆ ಆ ಹೊತ್ತಿನಲ್ಲಿ ಹೊರಡುವುದು ಎಷ್ಟು ಕಷ್ಟವೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಬಿಕ್ಕೋಡು ದಾರಿಯಲ್ಲಿ ಆನೆ ಎಲ್ಲಿ ನಿಂತಿರುತ್ತದೋ ಹೇಳಲಾಗದು. ಪಕ್ಕದ ಮನೆಯವರು ಜೀಪು ತೆಗೆದರು. ತಿರುವು ತಿರುವಿಗೂ ಹಾರ್ನ್ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅವನು ನನ್ನ ಕೈಯನ್ನು ತನ್ನ ಎದೆಯ ಮೇಲೇ ಒತ್ತಿ ಹಿಡಿದಿದ್ದ.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು. ವೇಗ ಹೆಚ್ಚಿದೆ, ಲಯ ಸರಿಯಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆದಾಗ ವೇಗವೂ ಇಳಿದಿತ್ತು. ಅಲ್ಲಿ ಕೂತಿದ್ದವರೊಬ್ಬರು, ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ, “ವಯಸ್ಸಿನ ಹುಡುಗ, ಏನೂ ಆಗಿಲ್ಲ, ಟಿ.ವಿ. ನೋಡೋದು ಬಿಡು, ಹೋಗು” ಎಂದು ಚೀಟಿಯನ್ನು ಮೇಜಿನ ಮೇಲೆ ತಳ್ಳಿದರು. ಸಾಯುತ್ತೇನೆಂದು ನಂಬಿ ಬಂದವನಿಗೆ ಈ ಮಾತು ಔಷಧಿಯೂ ಅಲ್ಲ, ಸಮಾಧಾನವೂ ಅಲ್ಲ. ಮನೆ ಮುಟ್ಟುವ ಮೊದಲೇ ಅವನಿಗೆ ಅನುಮಾನ ಶುರುವಾಗಿತ್ತು: ಇ.ಸಿ.ಜಿ. ತೆಗೆದಾಗ ಬಡಿತ ಸರಿಯಿದ್ದು, ಈಗ ಕೆಟ್ಟಿದ್ದರೆ?

ಜುಲೈ ಹೊತ್ತಿಗೆ ಆ ಅನುಮಾನ ಊರೂರಿಗೂ ಹಬ್ಬಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಸಾಲು. ಗಾಬರಿಯಿಂದ ಬರಬೇಡಿ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ದೊಡ್ಡಪ್ಪ ತಮ್ಮನನ್ನು ಮೈಸೂರಿಗೆ ಕರೆದೊಯ್ದರು. ಎಕೋ ಸರಿಯಿತ್ತು. ಕೆಲವೇ ದಿನ ನೆಮ್ಮದಿ, ಮತ್ತೆ ಬೆರಳಿಗೆ ಆಕ್ಸಿಮೀಟರ್.

ಆ ತಿಂಗಳೇ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿ ಹೊರಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ರಸ್ತೆ ಅಪಘಾತದ ಸಾವೂ ಆ ಎಣಿಕೆಗೆ ಸೇರಿಬಿಟ್ಟಿತ್ತು. ಉಳಿದವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯದಂಥ ಕಾರಣಗಳಿದ್ದವು. ಹಾಸನದಲ್ಲಿ ಹೃದಯಾಘಾತ ದಿಢೀರ್ ಹೆಚ್ಚಿದೆ ಎನ್ನಲು ಆಧಾರ ಸಿಗಲಿಲ್ಲ. ಹೋದ ಜೀವಗಳು ನಿಜ, ಆ ಮನೆಗಳ ದುಃಖ ನಿಜ. ಆದರೆ ಸಂಖ್ಯೆಯನ್ನು ತಿಂಗಳಿಡೀ ಬಿತ್ತರಿಸಿದ ವಾಹಿನಿಗಳು ಈ ವರದಿಗೆ ಅಷ್ಟೇ ಹೊತ್ತು ಕೊಟ್ಟದ್ದನ್ನು ನಾನು ಕಾಣಲಿಲ್ಲ. ತಮ್ಮನಿಗೆ ಅದನ್ನು ಓದಿ ಹೇಳಿದೆ. ಕೇಳಿಸಿಕೊಂಡ; ಎದೆ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಹಾಸನದ ಒಬ್ಬ ಫಿಸಿಷಿಯನ್. ಅವರು ಮೊದಲು ಯಂತ್ರಕ್ಕೆ ಕೈಹಾಕಲಿಲ್ಲ, ಪ್ರಶ್ನೆ ಕೇಳಿದರು. ಬಡಿತ ಸ್ವಿಚ್ ಹಾಕಿದಂತೆ ಶುರುವಾಗಿ ಹಾಗೇ ನಿಲ್ಲುತ್ತದೆಯೇ, ನಿಧಾನವಾಗಿ ಏರಿ ಇಳಿಯುತ್ತದೆಯೇ? ಎಂದಾದರೂ ಪ್ರಜ್ಞೆ ತಪ್ಪಿದೆಯೇ? ದಿಬ್ಬ ಹತ್ತುವಾಗ ಎದೆ ನೋಯುತ್ತದೆಯೇ? ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದಾರೆಯೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರವಿದ್ದರೆ ಹೃದಯ ತಜ್ಞರಿಗೇ ತೋರಿಸಬೇಕು ಎಂದರು; ಶುರುವೂ ಕೊನೆಯೂ ಥಟ್ಟನೆ ಆಗುವ ಓಟ ಹೃದಯದ ವಿದ್ಯುತ್ ದೋಷವೂ ಇರಬಹುದು. ತಮ್ಮನ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿದರು, 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಕಟ್ಟಿಸಿದರು. ಅಲ್ಲಲ್ಲಿ ಒಂದೆರಡು ಮುಂಚಿತ ಬಡಿತ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಮನೋವೈದ್ಯರಿಗೆ ಚೀಟಿ ಬರೆದರು.

“ನನ್ ಮಗ ಹುಚ್ಚನಾ?” ಎಂದು ಅಮ್ಮ ಅತ್ತರು. ದೊಡ್ಡಪ್ಪ, ಮುಂದೆ ಹೆಣ್ಣು ಕೊಡುವವರು ಯಾರು ಎಂದರು. ಅಲ್ಲೇ ಇನ್ನಷ್ಟು ದಿನ ಕಳೆದುಹೋದವು.

1871ರಲ್ಲೇ ಅಮೆರಿಕದ ವೈದ್ಯ ಜೇಕಬ್ ಡಾಕೋಸ್ಟಾ, ಅಲ್ಲಿನ ಅಂತರ್ಯುದ್ಧದ ಸೈನಿಕರಲ್ಲಿ ಇಂಥ ಎದೆಬಡಿತವನ್ನು ಕಂಡು ಬರೆದಿದ್ದ. ಹೃದಯದಲ್ಲಿ ರೋಗದ ಗುರುತಿಲ್ಲ, ಆದರೂ ಬಡಿತ, ನೋವು, ಏದುಸಿರು. ಬಂದೂಕು ಹಿಡಿದ ಗಂಡಸರಿಗೆ ಬಂದದ್ದು ನಮ್ಮ ಹುಡುಗನಿಗೆ ಬಂದರೆ ಅದರಲ್ಲಿ ನಾಚಿಕೆ ಏಕೆ? ಕೊನೆಗೂ ಹೋದಾಗ ಮನೋವೈದ್ಯರು ವಿವರಿಸಿದ್ದು ಸರಳವಾಗಿತ್ತು. ಹೆದರಿಕೆ ಅಡ್ರಿನಲಿನ್ ಸುರಿಸುತ್ತದೆ, ಬಡಿತ ಏರುತ್ತದೆ, ಏರಿದ ಬಡಿತ ಕಂಡು ಹೆದರಿಕೆ ಹೆಚ್ಚುತ್ತದೆ. ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತುಟಿ ಜೋಮು ಹಿಡಿದದ್ದು, ಬೆರಳು ಮಡಚಿದ್ದು ಅದರಿಂದ. ಇಂಥ ಗಾಬರಿಯ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ನಾಡಿಯನ್ನು ಮತ್ತೆ ಮತ್ತೆ ನೋಡಿಕೊಳ್ಳುವುದೇ ಅದಕ್ಕೆ ಮೇವು.

ಮಾತ್ರೆ ಕೊಟ್ಟರು. ಗುಣ ಕಾಣಲು ಕೆಲವು ವಾರ ಬೇಕು, ಸರಿಹೋಯಿತೆಂದು ತಾನಾಗಿ ನಿಲ್ಲಿಸಬಾರದು ಎಂದರು. ಆಪ್ತಸಮಾಲೋಚಕರು ಅವನನ್ನು ಕೋಣೆಯಲ್ಲೇ ನಿಂತಲ್ಲಿ ಓಡಿಸಿದರು. ಎದೆ ಬಡಿದುಕೊಳ್ಳಲಿ, ನೋಡು, ತಾನಾಗಿ ಇಳಿಯುತ್ತದೆ ಎಂದು ಎದುರಿಗೆ ಕೂತು ಕಾದರು. ಇಷ್ಟು ದಿನ ಓಡಬೇಡ, ಭಾರ ಎತ್ತಬೇಡ ಎಂದು ನಾವೆಲ್ಲ ಹೇಳಿದ್ದಕ್ಕೆ ಇದು ಪೂರ್ತಿ ವಿರುದ್ಧವಾಗಿತ್ತು, ಫಲ ಕೊಟ್ಟದ್ದೂ ಇದೇ. ನಮ್ಮ ತೋಟದ ರೊಬಸ್ಟಾ ಕಾಫಿಯಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಮಧ್ಯಾಹ್ನದ ನಂತರದ ಲೋಟಗಳು ನಿಂತವು. ಆಕ್ಸಿಮೀಟರ್ ಅಮ್ಮನ ಬೀರುವಿಗೆ ಹೋಯಿತು. ದೊಡ್ಡಪ್ಪನ ಗುಂಪಿನಿಂದ ಅವನನ್ನು ನಾನೇ ಹೊರತಂದೆ.

ನಿಮ್ಮ ಮನೆಯಲ್ಲೂ ನಡುರಾತ್ರಿ ಇಂಥ ಗಾಬರಿ ಶುರುವಾದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ವಿಚಾರಿಸಿ. ಎದೆಯಲ್ಲಿ ಒತ್ತುವ ನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಅದು ಗಾಬರಿಯೋ ಅಲ್ಲವೋ ಎಂದು ಮನೆಯಲ್ಲಿ ತೀರ್ಮಾನಿಸುತ್ತ ಕೂರದೆ 108ಕ್ಕೆ ಹೇಳಿ.

ತಮ್ಮ ಮತ್ತೆ ಪಿಕಪ್ ಓಡಿಸುತ್ತಿದ್ದಾನೆ. ಎದೆ ಈಗಲೂ ಒಮ್ಮೊಮ್ಮೆ ಹಾರುತ್ತದೆ, ಮಳೆಗಾಲದ ರಾತ್ರಿಗಳಲ್ಲಿ ಹೆಚ್ಚು. ಆಗ ಗಾಡಿ ಬದಿಗೆ ಹಾಕಿ, ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಟ್ಟು, ಇಳಿದ ಮೇಲೆ ಹೊರಡುತ್ತಾನೆ. ಮಾತ್ರೆ ಇನ್ನೂ ನಡೆಯುತ್ತಿದೆ. ದೊಡ್ಡಪ್ಪ ಅದು ಯಾತರ ಮಾತ್ರೆ ಎಂದು ಬಂದವರ ಮುಂದೆಯೇ ಕೇಳುತ್ತಾರೆ. ಅವನು ಅದರ ಹೆಸರನ್ನೇ ಹೇಳುತ್ತಾನೆ.