ಘೀ ರೋಸ್ಟ್‌ನಲ್ಲಿ ಕೊಬ್ಬಿನ ಲೆಕ್ಕ: ಒಂದು ಪಾಠಯೋಜನೆ

ತರಗತಿ: 9. ವಿಷಯ: ಆಹಾರ ಮತ್ತು ಶಕ್ತಿ

ಉದ್ದೇಶ: ವಿದ್ಯಾರ್ಥಿಗಳು ಮನೆಯಡುಗೆಯ ಕೊಬ್ಬನ್ನು ಲೆಕ್ಕಹಾಕುವರು, ರುಚಿ ಕೆಡದಂತೆ ಅದನ್ನು ತಗ್ಗಿಸುವ ದಾರಿ ಸೂಚಿಸುವರು.

ಪೀಠಿಕೆ: ಕುಂದಾಪುರದ ಚಿಕನ್ ಘೀ ರೋಸ್ಟ್‌ಗೆ ಕೆಂಪು ಬಣ್ಣ ಎಲ್ಲಿಂದ ಬರುತ್ತದೆ? (ಬ್ಯಾಡಗಿ ಮೆಣಸಿನಿಂದ)

ಬೋಧನಾಂಶ: ಚರ್ಮ ತೆಗೆದ ಕೋಳಿಗೆ ಮೊಸರು, ಲಿಂಬೆರಸ, ಅರಶಿನ, ಉಪ್ಪು ಹಚ್ಚಿ ಫ್ರಿಜ್‌ನಲ್ಲಿ 2 ಗಂಟೆ ಇಡಬೇಕು. ಹುಳಿಯ ಆಮ್ಲ ಮಾಂಸದ ಹೊರಪದರವನ್ನು ಮೃದುಗೊಳಿಸುತ್ತದೆ. ಇದಕ್ಕೆ ತುಪ್ಪ ಬೇಡ. ಆದರೆ ಮೆಣಸಿನ ಬಣ್ಣ ಕೊಬ್ಬಿನಲ್ಲಿ ಕರಗುವುದರಿಂದ, ಮಸಾಲೆ ಹುರಿಯಲು ಸ್ವಲ್ಪ ತುಪ್ಪ ಬೇಕೇ ಬೇಕು.

ಕಪ್ಪುಹಲಗೆ ಕೆಲಸ: 1 ಗ್ರಾಂ ಕೊಬ್ಬು = 9 ಕಿಲೋಕ್ಯಾಲರಿ. ತುಪ್ಪ ಬಹುಪಾಲು ಕೊಬ್ಬೇ. ನಾಲ್ವರ ಅಡುಗೆಗೆ 100 ಗ್ರಾಂ ಬದಲು 40 ಗ್ರಾಂ ಹಾಕಿದರೆ 60 × 9 = 540, ಅಂದರೆ ತಲಾ ಸುಮಾರು 135 ಕಿಲೋಕ್ಯಾಲರಿ ಕಡಿಮೆ.

ಮನೆಗೆಲಸ: ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳಿ, ತುಪ್ಪ ಅಥವಾ ಎಣ್ಣೆಯ ಅಳತೆ ಬರೆದು ತನ್ನಿ. ಮಾಂಸ ತಿನ್ನದವರು ಅಣಬೆಯ ಘೀ ರೋಸ್ಟ್ ಆರಿಸಿಕೊಳ್ಳಬಹುದು, ಲೆಕ್ಕ ಒಂದೇ.