ಎರಕಕ್ಕೆ ಗರಗಸ ಹಚ್ಚುವ ಮುನ್ನ

ಡಾಟ್ಸನ್ ಎಂದರೆ ನಮ್ಮ ಕಡೆ 2014ರಲ್ಲಿ ಬಂದ ಗೋ ಎಂಬ ಪುಟ್ಟ ಕಾರು ನೆನಪಾಗುತ್ತದೆ. ಅಮೆರಿಕದ ಗ್ಯಾರೇಜುಗಳಲ್ಲಿ ಅದೇ ಹೆಸರಿಗೆ ಕಣ್ಮುಂದೆ ಬರುವುದು 240ಝಡ್: ಉದ್ದ ಬಾನೆಟ್, ಎರಡೇ ಸೀಟು, ಒಂದೇ ಸಾಲಿನಲ್ಲಿ ಆರು ಸಿಲಿಂಡರು. ಈ ಸ್ಪೋರ್ಟ್ಸ್ ಕಾರು ಅಮೆರಿಕಕ್ಕೆ ಬಂದದ್ದು 1969ರ ಕೊನೆಯಲ್ಲಿ. ಕಾರ್ಖಾನೆ ಅದಕ್ಕೆ ಟರ್ಬೊ ಕೊಡಲೇ ಇಲ್ಲ. ಅದೇ ವಂಶದ 280ಝಡ್‌ಎಕ್ಸ್‌ಗೆ 1981ರಲ್ಲಿ ಕೊಟ್ಟಿತು: 2.8 ಲೀಟರಿನ ಎಲ್28ಇಟಿ ಎಂಜಿನ್, ಗ್ಯಾರೆಟ್ ಟಿ3 ಟರ್ಬೊ, 180 ಅಶ್ವಶಕ್ತಿ. ಹಳೆಯ ಕಾರಿನದೂ ಹೊಸದರದೂ ಎಲ್ ಸರಣಿಯ ಎಂಜಿನುಗಳೇ ಆದ್ದರಿಂದ ಒಂದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇನ್ನೊಂದರ ಹೆಡ್‌ಗೆ ಕೂರುತ್ತದೆ. 240ಝಡ್‌ಗೆ ಟರ್ಬೊ ಹಾಕಲು ಹೊರಟವರು ಮೊದಲು ಹುಡುಕುವುದು ಈ ಬೀಡುಕಬ್ಬಿಣದ ತುಂಡನ್ನೇ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಮಾದರಿಗಳಿಗೆ ಎರಡು ವರ್ಷಕ್ಕೊಮ್ಮೆಯ ಹೊಗೆ ತಪಾಸಣೆ ಇಲ್ಲ. ಹಾಗಾಗಿ ನಾನು ಕೆಲಸ ಮಾಡುವ ಇಲ್ಲಿನ ಗ್ಯಾರೇಜಿಗೆ ಇಂಥ ಕಾರುಗಳು ಬೇಕಾದಷ್ಟು ಬರುತ್ತವೆ. ಅವುಗಳ ಕೆಲಸ ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಕಾರ್ಖಾನೆಯ ಎರಕ ಯಾಕೆ ಅಷ್ಟು ದಪ್ಪ, ಅಷ್ಟು ಮೊಂಡು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಪೂರ್ತಿ ಭಾರದಲ್ಲಿ ಓಡುವ ಪೆಟ್ರೋಲ್ ಟರ್ಬೊ ಎಂಜಿನಿನ ಹೊಗೆ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅರ್ಧ ಮೀಟರ್ ಉದ್ದದ ಬೀಡು 700 ಡಿಗ್ರಿಗೆ ಕಾದರೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಹಿಡಿದುಕೊಂಡಿರುವ ಅಲ್ಯುಮಿನಿಯಂ ಹೆಡ್ ಒಳಗೆ ನೀರು ಹರಿಯುತ್ತಿರುವುದರಿಂದ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದರ ಬೆಳವಣಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಉಳಿದ ಮೂರು ಮಿಲಿಮೀಟರನ್ನು ಸ್ಟಡ್‌ಗಳು, ಗ್ಯಾಸ್ಕೆಟ್ ಮತ್ತು ಎರಕ ತಮ್ಮತಮ್ಮಲ್ಲೇ ಹಂಚಿಕೊಂಡು ತಾಳಿಕೊಳ್ಳಬೇಕು. ಅದೇ ಉದ್ದದ 304 ಸ್ಟೇನ್‌ಲೆಸ್ ಪೈಪಾದರೆ ಬೆಳವಣಿಗೆ 6 ಮಿಲಿಮೀಟರ್ ಮುಟ್ಟುತ್ತದೆ, ಅದರ ಮೇಲೆ ಟರ್ಬೊದ ತೂಕವೂ ನೇತಾಡುತ್ತಿರುತ್ತದೆ. ತೆಳು ಪೈಪು ಬೆಸೆದು ಮಾಡಿದ ಚೆಂದದ ಮ್ಯಾನಿಫೋಲ್ಡುಗಳು ಬೆಸುಗೆಯ ಅಂಚಿನಲ್ಲೇ ಸೀಳುವುದಕ್ಕೆ ಕಾರಣ ಇದು. ರೇಸ್ ಕಾರಿಗೆ ಸಮಾನ ಉದ್ದದ ಪೈಪುಗಳಿಂದ ಲಾಭವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ದಿನವೂ ಓಡುವ, ಬೆಳಿಗ್ಗೆ ತಣ್ಣಗೆ ಶುರುವಾಗಿ ಟ್ರಾಫಿಕ್ಕಿನಲ್ಲಿ ಬೇಯುವ ಕಾರಿಗೆ ಮಾತ್ರ ನಾನು ಎರಕವನ್ನೇ ಆರಿಸುತ್ತೇನೆ. ಯಾವ ದಪ್ಪ ಎಲ್ಲಿ ಬೇಕು, ಯಾವ ಮೂಲೆಗೆ ಎಷ್ಟು ದುಂಡು ಬೇಕು ಎಂದು ಸಾವಿರಾರು ಸಲ ಕಾಯಿಸಿ ತಣಿಸಿ ನೋಡಿದವರ ತೀರ್ಮಾನ ಅದರೊಳಗೆ ಸೇರಿಕೊಂಡಿರುತ್ತದೆ. ಆ ತೀರ್ಮಾನಕ್ಕೆ ಗರಗಸ ಹಚ್ಚುವ ಮೊದಲು ಅದರ ಸುತ್ತಲಿನದನ್ನೆಲ್ಲ ಬದಲಿಸಿ ನೋಡಬೇಕು ಎಂಬುದೇ ನನ್ನ ಮಾತಿನ ತಿರುಳು.

2. ಕೊಳ್ಳುವ ಮುಂಚೆ ಎರಕವನ್ನು ಓದಿ. ಈ ಓದನ್ನು ನಾನು ಕಲಿತದ್ದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಕಾರು ಮುಟ್ಟುವುದಕ್ಕೂ ಬಹಳ ಮೊದಲು. ತುಂಡನ್ನು ತಂತಿಯಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಬಿರುಕಿಲ್ಲದ ಎರಕ ದೇವಸ್ಥಾನದ ಗಂಟೆಯ ಹಾಗೆ ಎಳೆದು ನುಡಿಯುತ್ತದೆ. ಸೀಳಿದ್ದು ಟಪ್ ಎಂದು ನಿಲ್ಲುತ್ತದೆ. ಲೋಹ ಯಾವ ಬಗೆಯದು ಎಂಬುದನ್ನು ಡ್ರಿಲ್ಲಿನ ಚೂರು ಹೇಳುತ್ತದೆ. ಬೂದು ಬೀಡು ಪುಡಿಪುಡಿಯಾಗಿ ಉದುರಿ ಬೆರಳನ್ನು ಕಪ್ಪಾಗಿಸುತ್ತದೆ, ಡಕ್ಟೈಲ್ ಬೀಡು ತುಸು ಸುರುಳಿ ಬಿಡುತ್ತದೆ. ಈಚಿನ ಟರ್ಬೊ ಕಾರುಗಳ ಮ್ಯಾನಿಫೋಲ್ಡುಗಳಲ್ಲಿ ಸಿಲಿಕಾನ್ ಮತ್ತು ಮಾಲಿಬ್ಡಿನಂ ಸೇರಿಸಿದ ಡಕ್ಟೈಲ್ ಬೀಡು ಸಾಮಾನ್ಯ. ಇನ್ನೂ ಬಿಸಿಯ ಕೆಲಸಕ್ಕೆ ಶೇ. 35ರಷ್ಟು ನಿಕ್ಕೆಲ್ ಇರುವ ಬೀಡನ್ನೂ ಬಳಸುತ್ತಾರೆ. ಇವೆಲ್ಲ ಒಂದೇ ಬಣ್ಣಕ್ಕೆ ತುಕ್ಕು ಹಿಡಿದು ಒಂದೇ ರಾಶಿಯಲ್ಲಿ ಬಿದ್ದಿದ್ದರೂ ಶಾಖವನ್ನು ತಾಳುವ ಬಗೆ ಬೇರೆಬೇರೆ.

ಬಿರುಕು ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಟರ್ಬೊ ಕೂರುವ ಬಾಯಿಯ ಒಳಗೋಡೆಯಲ್ಲಿ ಕೂದಲೆಳೆಯ ಗೆರೆಗಳು ಹಳೆಯ ತುಂಡುಗಳಲ್ಲಿ ಸಾಮಾನ್ಯ. ಅವು ಗ್ಯಾಸ್ಕೆಟ್ ಕೂರುವ ಮುಖಕ್ಕೆ ಅಥವಾ ಹೊರಗೋಡೆಗೆ ತಲುಪದಿದ್ದರೆ ನಾನು ಚಿಂತಿಸುವುದಿಲ್ಲ. ಅನುಮಾನವಿದ್ದರೆ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಐದು ನಿಮಿಷದಲ್ಲಿ ಉತ್ತರ ಕಾಣುತ್ತದೆ.

3. ಎಲ್ ಸರಣಿಯಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಹೆಡ್‌ನ ಒಂದೇ ಬದಿಯಲ್ಲಿವೆ. ಇದನ್ನು ಮರೆತರೆ ಬೇರೆ ಯಾವ ಕೌಶಲವೂ ಕೈ ಹಿಡಿಯುವುದಿಲ್ಲ. ಎರಡಕ್ಕೂ ಒಂದೇ ಗ್ಯಾಸ್ಕೆಟ್. ಹಲವು ಸ್ಟಡ್‌ಗಳ ದಪ್ಪ ವಾಷರ್ ಅರ್ಧ ಇನ್‌ಟೇಕಿನ ಅಂಚಿನ ಮೇಲೆ, ಅರ್ಧ ಎಕ್ಸಾಸ್ಟಿನ ಅಂಚಿನ ಮೇಲೆ ಕೂತು ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಎರಡು ಅಂಚುಗಳ ದಪ್ಪ ಒಂದೇ ಇದ್ದರೆ ಮಾತ್ರ ಆ ಒತ್ತಡ ಸಮವಾಗಿ ಹಂಚುತ್ತದೆ. ಒಂದರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ವಾಷರ್ ದಪ್ಪ ಅಂಚಿನ ಮೇಲೆ ವಾಲಿಕೊಂಡು ತೆಳುವಾದದ್ದನ್ನು ಬಿಟ್ಟುಬಿಡುತ್ತದೆ. ಎಕ್ಸಾಸ್ಟ್ ಸೋರಿದರೆ ಟಿಕ್ ಟಿಕ್ ಸದ್ದಾದರೂ ಕೇಳುತ್ತದೆ. ಇನ್‌ಟೇಕ್ ಸೋರಿದರೆ ಮಿಶ್ರಣ ತೆಳುವಾಗುವುದು ಕಿವಿಗೆ ತಿಳಿಯದು. ಟರ್ಬೊ ಎಂಜಿನಿನಲ್ಲಿ ತೆಳು ಮಿಶ್ರಣ ಎಂದರೆ ಪಿಸ್ಟನ್ ಕರಗುವ ದಾರಿ.

ಹಳೆಯ ಮ್ಯಾನಿಫೋಲ್ಡ್ ಯಾವಾಗಲೂ ಸ್ವಲ್ಪ ಬಾಗಿರುತ್ತದೆ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದರೆ ಕೊನೆಗಳಲ್ಲಿ ಸಂದು ಕಾಣುತ್ತದೆ. ಅದನ್ನು ಮಿಲ್ಲಿಂಗ್ ಯಂತ್ರಕ್ಕೆ ಕೊಟ್ಟು ಸಮ ಮಾಡಿಸುತ್ತೇವೆ, ಮಾಡಿಸಲೇಬೇಕು. ಮಾಡಿಸಿದ ಕ್ಷಣಕ್ಕೆ ಎಕ್ಸಾಸ್ಟಿನ ಅಂಚು ತೆಳುವಾಯಿತು ಎಂಬುದು ಲೆಕ್ಕಕ್ಕೆ ಬರಬೇಕು. ಮೈಕ್ರೋಮೀಟರಿನಿಂದ ಪ್ರತಿ ಸ್ಟಡ್‌ನ ಬಳಿ ಎರಡೂ ಅಂಚುಗಳನ್ನು ಅಳೆದು, ಗೋಡೆಯ ಮೇಲೆ ಬರೆದುಕೊಂಡು, ವಾಷರಿನ ಒಂದು ಬದಿಯನ್ನು ಅಷ್ಟಕ್ಕೇ ಅರದಿಂದ ಉಜ್ಜಿ ಮೆಟ್ಟಿಲು ಮಾಡುತ್ತೇನೆ. ಬೇಸರದ ಕೆಲಸ ನಿಜ. ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಗಂಟೆಗಳು ಇನ್ನಿಲ್ಲ ಎಂದು ಕಲಿಯಲು ಬಂದ ಹುಡುಗರಿಗೆ ನಾನು ಹೇಳುತ್ತಲೇ ಇರುತ್ತೇನೆ.

4. ಹೆಡ್‌ನ ಮೇಲೆ ಎರಕದಲ್ಲೇ ಮೂಡಿದ ಸಂಕೇತ ನೋಡಿ. ಇ31, ಇ88, ಎನ್42, ಪಿ90 ಹೆಡ್‌ಗಳ ಎಕ್ಸಾಸ್ಟ್ ಪೋರ್ಟ್ ಚೌಕ. ಎನ್47, ಪಿ79ರದು ಒಳಪದರವಿರುವ ದುಂಡು. ಹೆಡ್‌ನಿಂದ ಹೊರಟ ಹೊಗೆಗೆ ಎದುರಾಗಿ ಮೆಟ್ಟಿಲು ಬರಬಾರದು. ಹೊರಕ್ಕೆ ಅಗಲಗೊಳ್ಳುವ ಮೆಟ್ಟಿಲಿನಿಂದ ತೊಂದರೆಯಿಲ್ಲ.

5. ಸ್ಟಡ್‌ಗಳಿಗೆ ಜಿಪುಣತನ ಬೇಡ. ಉದ್ದ ಎರಕ ಕಾದಾಗ ಬೆಳೆದು, ತಣಿದಾಗ ಮೊದಲಿದ್ದಕ್ಕಿಂತ ಕೂದಲಷ್ಟು ಗಿಡ್ಡವಾಗಿ ನಿಲ್ಲುತ್ತದೆ. ಕಾದಾಗ ಒತ್ತಡಕ್ಕೆ ಸಿಕ್ಕ ಭಾಗ ಶಾಶ್ವತವಾಗಿ ಕುಗ್ಗಿರುತ್ತದೆ. ವರ್ಷಗಟ್ಟಲೆ ಇದೇ ನಡೆದಾಗ ಎರಡು ತುದಿಗಳ ಸ್ಟಡ್‌ಗಳು ಒಳಕ್ಕೆ ಎಳೆಸಿಕೊಂಡು ತುಂಡಾಗುತ್ತವೆ. ನಡುವಿನವು ಮುರಿದದ್ದನ್ನು ನಾನು ಕಂಡದ್ದು ಅಪರೂಪ. ಆದ್ದರಿಂದ ನಡುವಿನ ತೂತುಗಳನ್ನು ಬಿಗಿಯಾಗಿಯೇ ಬಿಟ್ಟು, ತುದಿಯವನ್ನು ಉದ್ದುದ್ದಕ್ಕೆ ಒಂದೆರಡು ಮಿಲಿಮೀಟರ್ ಸಡಿಲಿಸುತ್ತೇನೆ. ಎರಕ ಜಾರಲು ಜಾಗ ಸಿಗುತ್ತದೆ. ಸಾಮಾನ್ಯ ಗಡಸು ಬೋಲ್ಟ್ ಕೆಂಪಗೆ ಕಾದರೆ ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಟರ್ಬೊ ಮತ್ತು ಮ್ಯಾನಿಫೋಲ್ಡ್ ಕೂಡುವಲ್ಲಿ ಶಾಖ ತಾಳುವ ಮಿಶ್ರಲೋಹದ ಸ್ಟಡ್, ಮಡಚಿ ಬಿಗಿಯುವ ಲಾಕ್ ಪ್ಲೇಟ್, ಎಳೆಗಳಿಗೆ ನಿಕ್ಕೆಲ್ ಪೇಸ್ಟ್ ಹಾಕುತ್ತೇನೆ.

6. ಎರಕವನ್ನು ಬೆಸೆಯುವುದು ಕೊನೆಯ ಉಪಾಯ. ಬೂದು ಬೀಡಿನಲ್ಲಿ ಇಂಗಾಲ ಶೇ. 3ಕ್ಕೂ ಹೆಚ್ಚು. ಬೆಸುಗೆಯ ಬಿಸಿ ತಾಗಿದ ಅಂಚು ಬೇಗ ತಣಿದರೆ ಅಲ್ಲಿ ಗಾಜಿನಷ್ಟು ಪೆಡಸಾದ ಪದರ ಉಂಟಾಗಿ, ಬಿರುಕು ಬೆಸುಗೆಯ ಪಕ್ಕದಲ್ಲೇ ಓಡುತ್ತದೆ. ಮಾಡಲೇಬೇಕಾದರೆ ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು, ಇಡೀ ತುಂಡನ್ನು 300 ಡಿಗ್ರಿಗೂ ಮೇಲೆ ಕಾಯಿಸಿ, ನಿಕ್ಕೆಲ್ ಕಡ್ಡಿಯಿಂದ ಒಂದಂಗುಲದಷ್ಟೇ ಬೆಸೆದು, ಬಿಸಿಯಿರುವಾಗಲೇ ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ, ಮತ್ತೆ ಒಂದಂಗುಲ ಮುಂದೆ ಹೋಗಬೇಕು. ಮುಗಿದ ಮೇಲೆ ಒಣ ಮರಳಿನಲ್ಲೋ ಸುಣ್ಣದಲ್ಲೋ ಹೂತು ರಾತ್ರಿಯಿಡೀ ತಣಿಯಲು ಬಿಡಬೇಕು. ಹಿತ್ತಾಳೆ ಬೆಸುಗೆ ಸುಲಭ, ನೋಡಲೂ ಚೆಂದ. ಅದು ಕರಗುವ ಶಾಖ ಮತ್ತು ಈ ಹೊಗೆಯ ಶಾಖ ಒಂದೇ ಆದ್ದರಿಂದ ಇಲ್ಲಿ ಅದಕ್ಕೆ ಜಾಗವಿಲ್ಲ.

ಹೆಚ್ಚಿನವರು ಎರಕ ಕತ್ತರಿಸಲು ಹೊರಡುವುದು ಹೊರಗಿನ ವೇಸ್ಟ್‌ಗೇಟ್ ಹಾಕಲು, ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೈನಿಗೆ ಕೊಡದೆ ಪಕ್ಕಕ್ಕೆ ಬಿಡುವ ಬಾಗಿಲು ಹಾಕಲು. ಕಾರ್ಖಾನೆಯ ಟರ್ಬೊದಲ್ಲಿ ಒಳಗೇ ಒಂದು ಪುಟ್ಟ ಗೇಟ್ ಇದೆ. ದೊಡ್ಡ ಟರ್ಬೊಗೆ ಅದು ಸಾಲದು. ಗೇಟ್ ಸಾಲದಿದ್ದರೆ ಬೂಸ್ಟ್ (ಟರ್ಬೊ ಎಂಜಿನಿಗೆ ತುಂಬುವ ಗಾಳಿಯ ಒತ್ತಡ) ನಾವು ಹೇಳಿದಲ್ಲಿ ನಿಲ್ಲದೆ ಆರ್‌ಪಿಎಂ ಜೊತೆ ಏರುತ್ತಲೇ ಹೋಗುತ್ತದೆ. ಇದಕ್ಕೆ ಎರಕವನ್ನು ಮುಟ್ಟದ ದಾರಿಯಿದೆ. ಮ್ಯಾನಿಫೋಲ್ಡಿನ ಟಿ3 ಬಾಯಿ ಮತ್ತು ಟರ್ಬೊದ ನಡುವೆ ಸ್ಟೇನ್‌ಲೆಸ್ ತುಂಡೊಂದನ್ನು ಕೂರಿಸಿ, ಅದರ ಪಕ್ಕದಿಂದ ಓರೆಯಾಗಿ ವೇಸ್ಟ್‌ಗೇಟಿಗೆ ಪೈಪ್ ತೆಗೆಯುವುದು. ಆರೂ ಸಿಲಿಂಡರಿನ ಹೊಗೆ ಆ ತುಂಡನ್ನು ದಾಟಿಯೇ ಹೋಗಬೇಕಾದ್ದರಿಂದ ಗೇಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ನಾಳೆ ಅದು ಸೀಳಿದರೆ ಇನ್ನೊಂದನ್ನು ಮಾಡಿಕೊಳ್ಳಬಹುದು. 1980ರ ದಶಕದ ಎರಕವನ್ನು ಇನ್ನೊಮ್ಮೆ ಹುಯ್ಯುವವರು ಯಾರು? ಆ ತುಂಡಿನ ದಪ್ಪದಷ್ಟು ಟರ್ಬೊ ತನ್ನ ಮೂಲ ಜಾಗದಿಂದ ಸರಿಯುತ್ತದೆ ಎಂಬುದೊಂದೇ ಇದರ ಬೆಲೆ.

7. ಆ ಸರಿದ ಅಂಗುಲವೇ ಎಲ್ಲಿ ತಗಲುತ್ತದೆ ನೋಡಿ. ಎಡಗಡೆ ಸ್ಟೀರಿಂಗ್ ಇರುವ ಅಮೆರಿಕದ ಕಾರಿನಲ್ಲಿ ಮ್ಯಾನಿಫೋಲ್ಡ್, ಟರ್ಬೊ, ಸ್ಟೀರಿಂಗ್ ಶಾಫ್ಟ್, ಬ್ರೇಕ್ ಬೂಸ್ಟರ್ ಎಲ್ಲವೂ ಒಂದೇ ಬದಿಗೆ. ಎಂಜಿನ್ ನಿಂತಿರುವಾಗ ಬೆರಳು ತೂರುವಷ್ಟು ಸಂದು ಇದ್ದರೆ ಸಾಲದು. ಗ್ಯಾಸ್ ಒತ್ತಿದಾಗ ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಹೊರಳಿ, ಎಡಬದಿ ಮೇಲೆದ್ದೇ ಏಳುತ್ತದೆ. ಜ್ಯಾಕ್ ಕೊಟ್ಟು ಆ ಬದಿಯನ್ನು ಎತ್ತಿ, ಆ ಸ್ಥಿತಿಯಲ್ಲಿ ಸಂದು ಅಳೆಯಿರಿ. ಡೌನ್‌ಪೈಪಿಗೆ ಬೆಲ್ಲೋಸ್ ಕಡ್ಡಾಯ, ಅದರ ತೂಕ ಗೇರ್‌ಬಾಕ್ಸಿನ ಬ್ರಾಕೆಟ್ ಹೊರಬೇಕು. ಮ್ಯಾನಿಫೋಲ್ಡ್ ಹೊರುವಂತಾಗಬಾರದು.

8. ಎಣ್ಣೆಯ ದಾರಿಗೆ ಮಣಿದು ಟರ್ಬೊವನ್ನು ಕೂರಿಸಿ. ಬೇರಿಂಗಿನಿಂದ ಹೊರಬಿದ್ದ ಎಣ್ಣೆಗೆ ಒತ್ತಡವಿರುವುದಿಲ್ಲ, ಅದು ಬರೀ ತೂಕದಿಂದ ಕೆಳಗಿಳಿಯಬೇಕು. ಪೈಪ್ ಅಗಲವಾಗಿರಲಿ, ಎಲ್ಲೂ ಗುಂಡಿಯಾಗದಿರಲಿ, ಸಂಪಿನ ಎಣ್ಣೆ ಮಟ್ಟಕ್ಕಿಂತ ಮೇಲೆ ಕೂಡಲಿ. ಮೂಲ ಟಿ3ಗೆ ನೀರಿನ ತಂಪು ಇಲ್ಲ, ಎಣ್ಣೆಯೊಂದೇ. ಜೋರಾಗಿ ಓಡಿಸಿ ಬಂದವರು ಒಂದೆರಡು ನಿಮಿಷ ಎಂಜಿನನ್ನು ಸುಮ್ಮನೆ ತಿರುಗಲು ಬಿಡಬೇಕು.

9. ಶಾಖದ ಪಟ್ಟಿ ಸುತ್ತಬೇಡಿ. ಬಾನೆಟ್ಟಿನ ಕೆಳಗೆ ತಂಪೇನೋ ಆಗುತ್ತದೆ, ಆದರೆ ಹೊರಗೆ ಹೋಗಬೇಕಾದ ಬಿಸಿಯನ್ನು ಎರಕವೇ ನುಂಗಿ ಬಿರುಕಿಗೆ ಹತ್ತಿರವಾಗುತ್ತದೆ. ಒಂದು ಸೆಂಟಿಮೀಟರ್ ಗಾಳಿ ಸಂದು ಬಿಟ್ಟು ತಗಡಿನ ಮರೆ ಕಟ್ಟುವುದು ಉತ್ತಮ. ಈ ಟರ್ಬೊ ಎಂಜಿನಿನಲ್ಲಿ ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲ್ ಪೈಪು ಎಕ್ಸಾಸ್ಟಿನ ನೆತ್ತಿಯ ಮೇಲೆಯೇ ಇದೆ. 280ಝಡ್‌ಎಕ್ಸ್‌ನಲ್ಲಿ ಇಂಜೆಕ್ಟರುಗಳಿಗೆ ಗಾಳಿ ಊದಲೆಂದೇ ಪುಟ್ಟ ಫ್ಯಾನ್ ಇಟ್ಟಿದ್ದರು. ಸಿಕ್ಕರೆ ಅದನ್ನೂ ತನ್ನಿ.

10. ಶಕ್ತಿ ಸಾಲದೆಂದು ಮ್ಯಾನಿಫೋಲ್ಡನ್ನು ದೂರುವ ಮುಂಚೆ ಅಳೆಯಿರಿ. ಟರ್ಬೈನಿಗೆ ಮುಂಚಿನ ಜಾಗದಲ್ಲಿ ಸಣ್ಣ ತೂತು ಕೊರೆದು, ಉಕ್ಕಿನ ಸಣ್ಣ ನಳಿಕೆಯನ್ನು ಸುರುಳಿ ಸುತ್ತಿ ತಂದು ಗೇಜಿಗೆ ಜೋಡಿಸಿದರೆ ಹೊಗೆಯ ಒತ್ತಡ ತಿಳಿಯುತ್ತದೆ. ಎರಕಕ್ಕೆ ನಾನು ಮನಸಾರೆ ಮಾಡುವ ಗಾಯ ಇದೊಂದೇ. ಹೊಗೆಯ ಒತ್ತಡ ಬೂಸ್ಟಿನ ಎರಡರಷ್ಟನ್ನು ಮೀರಿದರೆ ಎಲ್ಲೋ ಉಸಿರು ಕಟ್ಟಿದೆ. ನನ್ನ ಅನುಭವದಲ್ಲಿ ಅದು ಟರ್ಬೈನ್ ಹೌಸಿಂಗಿನಲ್ಲೋ ಡೌನ್‌ಪೈಪಿನಲ್ಲೋ ಸಿಗುತ್ತದೆ, ಎರಕದಲ್ಲಿ ತೀರಾ ವಿರಳ. ಇನ್ನೊಂದು ಮಾತು: ಎಲ್28ಇಟಿಯ ಸಂಪೀಡನ ಅನುಪಾತ 7.4. ಹಳೆಯ ಎಲ್24ರದು 9ರ ಆಸುಪಾಸು. ಮ್ಯಾನಿಫೋಲ್ಡ್ ಕೂತಿತೆಂದು ಹಳೆಯ ಎಂಜಿನಿಗೂ ಅಷ್ಟೇ ಬೂಸ್ಟ್ ಕೊಡುವಂತಿಲ್ಲ.

11. ಎಲ್ಲ ಜೋಡಿಸಿ ಎಂಜಿನ್ ಶುರು ಮಾಡಿದ ಮೊದಲ ದಿನ ಬಿಸಿ ಮಾಡಿ, ಪೂರ್ತಿ ತಣಿಯಲು ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗಲೇ ನಡುವಿನಿಂದ ತುದಿಯ ಕಡೆಗೆ ಎಲ್ಲ ನಟ್‌ಗಳನ್ನೂ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಮತ್ತೆ ಬಿಗಿಯಿರಿ. ಮೊದಲ ಕೆಲವು ವಾರ ಹೀಗೆ ಮಾಡುತ್ತಿರಿ. ಪ್ರತಿ ಸಲವೂ ಟಾರ್ಚ್ ಹಿಡಿದು ಪೋರ್ಟ್‌ಗಳ ಅಂಚಿನಲ್ಲಿ ಮಸಿಯ ಗೆರೆ ಹುಡುಕಿ. ಒಂದನೆಯ ಮತ್ತು ಆರನೆಯ ಸಿಲಿಂಡರಿನಿಂದ ಶುರು ಮಾಡಿ.